ಭತ್ತದ ಲಾರಿ ದಾಟುವ ಕಾರು

ಕಾರು ಜೋರಾಗಿ ಓಡಲೆಂದು ನೈಟ್ರಸ್ ಗ್ಯಾಸು ಹಾಕಿಸುವವರನ್ನು ನಾನು ಮೊಬೈಲಿನಲ್ಲಿ ನೋಡಿದ್ದೇನೆ. ಎಲ್ಲರೂ ಕಪ್ಪು ಕನ್ನಡಕದ ಹುಡುಗರು, ತೋಳಿನ ತುಂಬ ಹಚ್ಚೆ, ಪಕ್ಕದಲ್ಲಿ ಕೆಂಪು ಬಣ್ಣದ ಕಾರು. ನಮ್ಮ ಮನೆಯಲ್ಲಿ ಅದನ್ನು ಹಾಕಿಸಿದ್ದು ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವ, ಸೊಸೈಟಿ ಮುಂದೆ ಚಪ್ಪಲಿ ಇಟ್ಟು ಯೂರಿಯಾಕ್ಕೆ ಪಾಳಿ ಹಚ್ಚುವ ನನ್ನ ಗಂಡ. ಕಾರಾದರೂ ಎಂಥದ್ದು? ಇಬ್ಬರ ಕೈ ದಾಟಿ ನಮಗೆ ಬಂದ ಡೀಸೆಲ್ ಗಾಡಿ. ಹಿಂದಿನ ಸೀಟಿನಿಂದ ಇಳಿಯಬೇಕೆಂದರೆ ಗಾಜು ಇಳಿಸಿ, ಕೈ ಹೊರಗೆ ಹಾಕಿ, ಮನೆದೇವರನ್ನು ನೆನೆದು ಬಾಗಿಲು ಎಳೆಯಬೇಕಿತ್ತು.

ಶೋಕಿಗೆ ಹಾಕಿಸಿದ್ದಲ್ಲ. ಈ ಮನುಷ್ಯನ ಶೋಕಿ ಎಂದರೆ ಇಸ್ತ್ರಿ ಮಾಡಿದ ಲುಂಗಿ, ಅಷ್ಟೇ. ಕಾರಿನ ಹುಚ್ಚು ಹಿಡಿದದ್ದು ನಮ್ಮ ಮಾವ ತೀರಿಕೊಂಡ ಮೇಲೆ. ಅದನ್ನು ಹೇಳುವ ಮೊದಲು ನಮ್ಮ ರಸ್ತೆಯ ವಿಷಯ ಹೇಳಬೇಕು.

ನಮ್ಮದು ಗಂಗಾವತಿ ಕಡೆಯ ಸಿದ್ದಾಪುರ. ಕಾಲುವೆ ನೀರು, ಎರಡು ಬೆಳೆ ಭತ್ತ, ಹಸಿರು ಮುಗಿದಲ್ಲಿ ರೈಸ್ ಮಿಲ್ಲು, ಮಿಲ್ಲು ಮುಗಿದಲ್ಲಿ ಮತ್ತೆ ಹಸಿರು. ನಾನು ಮಾತ್ರ ಯಲಬುರ್ಗಾ ಕಡೆಯ ಒಣಬೇಸಾಯದ ಮನೆಯವಳು, ಇಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ತವರಿನ ಕಡೆ ಹುರುಳಿ, ನವಣೆ ಕೊಯ್ದು ರಸ್ತೆಗೆ ಹಾಕುವುದೇ ಗಾಡಿಗಳು ಮೇಲೆ ಹಾಯಲಿ ಎಂದು. ಬಸ್ಸು ಲಾರಿ ಹಾದರೆ ಒಕ್ಕುವ ಕೆಲಸ ಪುಕ್ಕಟೆ ಆಗುತ್ತದೆ. ಪಾಪ, ಕಾಳಿಗೆ ಪೆಟ್ಟಾದೀತೆಂದು ಪಕ್ಕದಿಂದ ಸರಿದು ಹೋದ ಡ್ರೈವರನಿಗೆ ನಮ್ಮಜ್ಜ ಬೈಯುತ್ತಿದ್ದ. ಇಲ್ಲಿ ತದ್ವಿರುದ್ಧ. ಸುಗ್ಗಿ ಬಂತೆಂದರೆ ಹಸಿ ಭತ್ತವನ್ನು ಒಣಗಲೆಂದು ರಸ್ತೆಯ ಅರ್ಧಕ್ಕೆ ಹರವುತ್ತಾರೆ. ಅಂಚಿಗೆ ಸಾಲಾಗಿ ಕಲ್ಲು ಇಡುತ್ತಾರೆ. ಟೈರು ಹತ್ತಿದರೆ ಕಾಳು ಒಡೆಯುತ್ತದೆ, ಮಿಲ್ಲಿನವನು ನುಚ್ಚೆಂದು ಮೂಗು ಮುರಿಯುತ್ತಾನೆ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಕಾಳೆಂದರೆ ಲಕ್ಷ್ಮಿ. ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಅದನ್ನು ತಿರುವುವ ಜನ, ಮೇಲೆ ಗಾಡಿ ಹತ್ತಿಸುವುದನ್ನು ಕನಸಿನಲ್ಲೂ ಎಣಿಸಲಾರರು. ನಾನು ಬಂದ ಹೊಸದರಲ್ಲಿ ಇದನ್ನು ನೋಡಿ ನಕ್ಕಿದ್ದೆ. ಆಮೇಲೆ ರೂಢಿಯಾಯಿತು.

ಮಾವನಿಗೆ ಎದೆನೋವು ಬಂದದ್ದು ಸುಗ್ಗಿಯ ಒಂದು ಮಧ್ಯಾಹ್ನ. ರಸ್ತೆಯ ಮೇಲೆ ನಮ್ಮ ಭತ್ತ ತಿರುವುತ್ತಿದ್ದವರು ಹಾಗೇ ಕುಳಿತುಬಿಟ್ಟರಂತೆ. ಆಂಬುಲೆನ್ಸ್ ಬರುವ ತನಕ ಕಾಯುವ ಧೈರ್ಯ ಯಾರಿಗೂ ಆಗಲಿಲ್ಲ. ನಮ್ಮ ಮನೆಯವರು ಕಾರು ತಂದರು. ಅತ್ತೆ ಹಿಂದಿನ ಸೀಟಿನಲ್ಲಿ ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಮೂವರೂ ಗಂಗಾವತಿಯ ಆಸ್ಪತ್ರೆಗೆ ಹೊರಟರು. ನಾನು ಶಾಲೆಯಲ್ಲಿದ್ದೆ. ಊರು ಬಿಟ್ಟ ಕೂಡಲೇ ಮುಂದೆ ಭತ್ತದ ಚೀಲ ಹೇರಿದ ಲಾರಿ ಸಿಕ್ಕಿತು. ರಸ್ತೆಯ ಅರ್ಧ ಭತ್ತ, ಇನ್ನರ್ಧ ಲಾರಿ. ನಡುನಡುವೆ ಭತ್ತ ಹರವದ ಖಾಲಿ ಜಾಗ ಬರುತ್ತಿತ್ತಂತೆ. ಆದರೆ ನಮ್ಮ ಕಾರು ಏದುಸಿರು ಬಿಟ್ಟು ಲಾರಿಯ ಮಗ್ಗುಲಿಗೆ ಬರುವಷ್ಟರಲ್ಲಿ ಆ ಜಾಗ ಮುಗಿದು ಮತ್ತೊಬ್ಬರ ಭತ್ತ ಶುರುವಾಗುತ್ತಿತ್ತು. ದಾರಿಯ ನಡುವಿನ ಶ್ರೀರಾಮನಗರ ದಾಟುವ ತನಕ ಇದೇ ಕಥೆ. ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ನೋಡಿ, ಸ್ವಲ್ಪ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರಂತೆ.

ಡಾಕ್ಟರು ಆ ಮಾತನ್ನು ಎಷ್ಟು ಮಂದಿಗೆ ಹೇಳುತ್ತಾರೋ ಏನೋ. ಹೇಳಿ ಕೈ ತೊಳೆದುಕೊಂಡು ಹೋಗುತ್ತಾರೆ. ನಮ್ಮ ಮನೆಯವರು ಅದನ್ನು ಹೆಣದ ಜೊತೆ ಮನೆಗೆ ತಂದರು. ದಿನಕರ್ಮ ಮುಗಿಯಿತು. ಬಂದ ನೆಂಟರು ಹೋದ ಮರುದಿನ ಬೆಳಿಗ್ಗೆ ಕಾರಿನ ಬಾನೆಟ್ ಎತ್ತಿ ಒಳಗೆ ನೋಡುತ್ತ ನಿಂತಿದ್ದರು. ನಾನು ಚಹಾ ಹಿಡಿದು ಹೋದೆ.

"ಇದರಾಗ ದಮ್ ಇಲ್ಲ," ಎಂದರು. "ದಮ್ ಇದ್ದಿದ್ರ ಅಪ್ಪ ಇರ್ತಿದ್ದ."

ಚಹಾ ಆರುತ್ತೆ ಕುಡೀರಿ ಎಂದೆ. ರಸ್ತೆಯ ಮೇಲಿನ ಭತ್ತದ ಮಾತನ್ನು ಅವರೂ ಎತ್ತಲಿಲ್ಲ, ಊರವರೂ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಎಲ್ಲರದೂ ಇತ್ತು, ನಮ್ಮದೂ ಇತ್ತು. ಎಂಜಿನ್ನಿನ ಪರವಾಗಿ ಮಾತಾಡಲು ಅದಕ್ಕೆ ಬಂಧುಬಳಗ ಇರಲಿಲ್ಲ, ಹಾಗಾಗಿ ತಪ್ಪೆಲ್ಲ ಅದರ ತಲೆಗೆ ಬಂತು.

ಅಲ್ಲಿಗೇ ಮುಗಿದಿದ್ದರೆ ನಾಲ್ಕು ದಿನ ಅತ್ತು ಸುಮ್ಮನಾಗುತ್ತಿದ್ದೆವು. ಕೆಲವು ತಿಂಗಳಲ್ಲಿ ಅತ್ತೆಗೂ ಹೃದಯದ ತೊಂದರೆ ಇದೆಯೆಂದು ಗೊತ್ತಾಯಿತು. ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಗುಳಿಗೆ ಕೊಟ್ಟು, ನೋವು ಬಂದರೆ ತಡ ಮಾಡದೆ ಗಂಗಾವತಿಗೆ ಕರೆತನ್ನಿ ಎಂದರು ಡಾಕ್ಟರು. ತಡ ಎನ್ನುವ ಮಾತು ಕೇಳಿ ನಮ್ಮ ಮನೆಯವರ ಮುಖ ಬಿಳಿಚಿತು. ನಾನು ಆಸ್ಪತ್ರೆಯ ಹತ್ತಿರ ಬಾಡಿಗೆ ಮನೆ ಮಾಡೋಣ ಎಂದೆ. ಅತ್ತೆ ಒಪ್ಪಬೇಕಲ್ಲ.

"ದವಾಖಾನಿ ಮಗ್ಗಲಕ ಮನಿ ಮಾಡ್ಕೊಂಡು ಯಾವಾಗ ಸಾಯ್ತೀನಿ ಅಂತ ಕುಂದರ್ಲೇನು? ನನ್ನ ಎಮ್ಮಿ ನಿಮ್ಮಪ್ಪ ಬಂದು ಹಿಂಡ್ತಾನೇನು?" ಎಂದು ನನ್ನ ತಂದೆಯನ್ನೂ ಯಲಬುರ್ಗಾದಿಂದ ಎಳೆದು ತಂದರು.

ಅತ್ತೆ ಊರು ಬಿಡುವುದಿಲ್ಲ. ರಸ್ತೆ ಗಿಡ್ಡವಾಗುವುದಿಲ್ಲ. ಉಳಿದದ್ದು ಕಾರು. "ಇನ್ನೊಮ್ಮೆ ಲಾರಿ ಹಿಂದ ನಿಂದ್ರೂದಿಲ್ಲ ನಾ," ಎಂದರು ನಮ್ಮ ಮನೆಯವರು. ಮೊಸರನ್ನ ಕಲಸುತ್ತ ಹೇಳಿದ ಮಾತು. ಅದಕ್ಕೇ ನನಗೆ ಹೆದರಿಕೆಯಾಯಿತು. ಈ ಮನುಷ್ಯ ಕೂಗಾಡಿ ಹೇಳಿದ್ದನ್ನು ಯಾವತ್ತೂ ಮಾಡುವುದಿಲ್ಲ. ಮೆಲ್ಲಗೆ ಹೇಳಿದ್ದನ್ನು ಬಿಡುವುದಿಲ್ಲ.

ಗಾಡಿಗೆ ದಮ್ ತುಂಬುವ ವಿದ್ಯೆಯಲ್ಲಿ ಅವರಿಗೆ ಹಿಂದೆ ಒಂದು ಅನುಭವ ಇತ್ತು. ಕಾಲೇಜಿಗೆ ಹೋಗುವಾಗ ಮೊಪೆಡ್ಡಿನ ಪೆಟ್ರೋಲ್ ಟ್ಯಾಂಕಿಗೆ ಡಾಂಬರ್ ಗುಳಿಗೆ ಹಾಕಿದ್ದರಂತೆ, ಟ್ರಂಕಿನಲ್ಲಿ ರೇಷ್ಮೆ ಸೀರೆ ಮಧ್ಯೆ ಇಡುತ್ತಾರಲ್ಲ, ಅವೇ. ಪೆಟ್ರೋಲಿನ ಶಕ್ತಿ ದುಪ್ಪಟ್ಟಾಗುತ್ತದೆಂದು ಯಾವನೋ ಹೇಳಿದ್ದ. ಈ ಕಥೆ ಬಂದಾಗಲೆಲ್ಲ ಅತ್ತೆ, "ಗಾಡಿ ಓಡಲಿಲ್ಲ ಖರೆ, ಆದ್ರ ನುಸಿ ಮಾತ್ರ ಹಿಡೀಲಿಲ್ಲ," ಎನ್ನುತ್ತಿದ್ದರು.

ಈ ಸಲ ಗುರುವನ್ನು ಹಿಡಿದರು. ಗಂಗಾವತಿಯ ಡೀಸೆಲ್ ಪಂಪಿನ ಮಿಸ್ತ್ರಿ. ಸುತ್ತಲಿನ ಟ್ರ್ಯಾಕ್ಟರುಗಳೆಲ್ಲ ಆತನ ಕೈಯಲ್ಲೇ ಹುಟ್ಟಿದವು ಎನ್ನುವಂತೆ ಮಾತಾಡುವ ಮನುಷ್ಯ. ಕೇಳಿದ್ದಕ್ಕೆಲ್ಲ "ಬೇಫಿಕರ್ ಇರ್ರಿ" ಎನ್ನುವುದು ಆತನ ಅಭ್ಯಾಸ. ಯಾರಾದರೂ ಹಾಗೆ ಹೇಳಿದರೆ ನನಗೆ ಫಿಕರ್ ಶುರುವಾಗುತ್ತದೆ.

ಮೊದಲು ಗಾಳಿಯ ಫಿಲ್ಟರ್ ತೆಗೆದು ದೊಡ್ಡದೊಂದು ಹಾಕಿದರು, ಎಂಜಿನ್ ಹೆಚ್ಚು ಗಾಳಿ ಎಳೆಯಲಿ ಎಂದು. ಕಾರು ಗಾಳಿಗಿಂತ ಹೆಚ್ಚು ಊರ ಧೂಳು ಎಳೆಯಿತು. ಆಮೇಲೆ ಹೊಗೆ ಸಲೀಸಾಗಿ ಹೋಗಲೆಂದು ಅಗಲವಾದ ಸೈಲೆನ್ಸರ್. ಆ ಸಪ್ಪಳಕ್ಕೆ ಎದುರು ಮನೆಯ ಎಮ್ಮೆ ಹಿಂಡಗೊಡದೆ ಹಾಲು ಏರಿಸಿಕೊಂಡಿತೆಂದು ಜಗಳವಾಯಿತು. ಅತ್ತೆಗೆ ಮಾತ್ರ ಸಮಾಧಾನ. "ಛಲೋ ಆತು ಬಿಡು, ಇಂವ ಕಾಲುವಿ ದಾಟಿದ್ದು ಇಲ್ಲೀತನ ಕೇಳತೈತಿ, ಅಷ್ಟೊತ್ತಿಗೆ ರೊಟ್ಟಿ ಬಡಿಯಾಕ ಸುರು ಮಾಡಬಹುದು." ಆಮೇಲೆ ಭಾರ ಕಡಿಮೆ ಮಾಡಬೇಕೆಂದು ಸ್ಟೆಪ್ನಿ, ಜಾಕು, ಕಾಲಡಿಯ ಮ್ಯಾಟು ಎಲ್ಲವನ್ನೂ ತೆಗೆದು ಅಟ್ಟಕ್ಕೆ ಹಾಕಿದರು. ಒಂದು ಸಲ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ತಿರುಗಿ ನೋಡಿದ ರೀತಿಗೆ ಮಾತು ಬಾಯಲ್ಲೇ ಉಳಿಯಿತು.

ಇಷ್ಟಾದರೂ ಲಾರಿ ದಾಟುವ ದಮ್ ಬರಲಿಲ್ಲ. ಆಗ ಮಿಸ್ತ್ರಿ ತನ್ನ ಖಾಸಾ ಕೈಚಳಕ ತೋರಿಸಿದ. ಪಂಪಿನ ಒಂದು ಸ್ಕ್ರೂ ತಿರುವಿ ಎಂಜಿನ್ನಿಗೆ ಹೆಚ್ಚು ಡೀಸೆಲ್ ಹೋಗುವಂತೆ ಮಾಡಿದ. ಕಾರು ನಿಜಕ್ಕೂ ಚುರುಕಾಯಿತು. ಆದರೆ ಹಿಂದಿನಿಂದ ಹೊಗೆ! ಇಟ್ಟಿಗೆ ಭಟ್ಟಿಗೆ ಗಾಲಿ ಹಚ್ಚಿದಂತೆ. ನನ್ನನ್ನು ಶಾಲೆಗೆ ಬಿಟ್ಟು ಹೋದ ದಿನ ಪ್ರಾರ್ಥನೆಗೆ ನಿಂತ ಮಕ್ಕಳ ಬಿಳಿ ಸಮವಸ್ತ್ರದ ಬಣ್ಣ ಬದಲಾಯಿತು. ಹೆಡ್ ಮಾಸ್ತರು ನನ್ನ ಕಡೆ ನೋಡಿ, "ಮೇಡಂ, ಪರಿಸರ ದಿನಾಚರಣಿ ಭಾಷಣ ಈ ಸಲ ಬ್ಯಾರೆಯವ್ರಿಗೆ ಕೊಡೂಣ್ರಿ," ಎಂದರು. ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸಿತು.

ಆ ಸಿಟ್ಟಿನಲ್ಲಿ ಸಂಜೆ ಮನೆಗೆ ಬಂದು ನಾನು ಪಾಠ ಮಾಡಿದೆ. "ಹೊಗಿ ಅಂದ್ರ ಏನು ತಿಳ್ದೀರಿ? ಸುಡಲಾರದ ಡೀಸೆಲ್ ಅದು. ನೀವು ಎಣ್ಣಿ ಸುರುವೀರಿ, ಸುಡಾಕ ಆಕ್ಸಿಜನ್ ಸಾಲವಲ್ದು. ಪುಕ್ಕಟ ಹೊರಗ ಹೊಂಟೈತಿ."

ನಮ್ಮ ಮನೆಯವರು ತಟ್ಟೆಯಿಂದ ಕೈ ತೆಗೆದರು. "ಅಂದ್ರ ಆಕ್ಸಿಜನ್ ಹೆಚ್ಚು ಕೊಟ್ರ ಆ ಹೊಗಿನೂ ಸುಟ್ಟು ದಮ್ ಆಕ್ಕೈತಿ?"

"ಆಗತೈತಿ," ಎಂದೆ. ವಿಜ್ಞಾನದ ಮಾಸ್ತರಿಕೆಯ ಕೆಟ್ಟ ಚಾಳಿ ಇದು. ಸರಿಯಾದ ಉತ್ತರ ಬಂದರೆ ಯಾರೆಂದು ನೋಡದೆ ಶಹಬ್ಬಾಸ್ ಎನ್ನುತ್ತೇವೆ.

ಮಿಸ್ತ್ರಿಗೆ ಇದನ್ನು ಹೇಳಿದಾಗ ಆತ, ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರಿನಿಂದಲೇ ಪೈಪು ಹಾಕೋಣ, ಬೇಫಿಕರ್ ಇರ್ರಿ ಎಂದನಂತೆ. ನಾನು ಫೋನು ಕಸಿದುಕೊಂಡು, "ಹಂಗ ಮಾಡಿದ್ರ ಗಾಡಿ ಗಂಗಾವತಿಗೆ ಹೋಗೂದಿಲ್ರಿ, ನೆಟ್ಟಗ ಮ್ಯಾಲಕ್ಕ ಹೋಗತೈತಿ," ಎಂದೆ. ಅಲ್ಲಿಗೆ ಅದು ನಿಂತಿತು. ಆದರೆ ನಮ್ಮ ಮನೆಯವರು ಮೊಬೈಲಿನಲ್ಲಿ ಹುಡುಕುತ್ತ ಹುಡುಕುತ್ತ ನೈಟ್ರಸ್ ಆಕ್ಸೈಡ್ ಎನ್ನುವ ಕಡೆ ಬಂದು ಮುಟ್ಟಿದರು.

"ಇದೇನು ಇದು? ನೈಟ್ರೋಜನ್ ಅಂದ್ರ ಯೂರಿಯಾದಾಗ ಇರೋದ ಅಲ್ಲೇನು?"

"ಅದೇ ನೈಟ್ರೋಜನ್. ಆದ್ರ ಇಲ್ಲಿ ಕೆಲಸ ಮಾಡೋದು ಅದರ ಜೋಡಿ ಇರೋ ಆಕ್ಸಿಜನ್. ಎಂಜಿನ್ ಒಳಗಿನ ಝಳಕ್ಕ ಎರಡೂ ಬ್ಯಾರೆ ಆಗ್ತಾವು. ಬರೀ ಗಾಳ್ಯಾಗ ಸಿಗೋದಕ್ಕಿಂತ ಹೆಚ್ಚು ಆಕ್ಸಿಜನ್ ಸಿಗತೈತಿ. ಅಷ್ಟೂ ಎಣ್ಣಿ ಸುಡತೈತಿ."

"ಅಂದ್ರ ಎಂಜಿನ್ನಿಗೆ ಯೂರಿಯಾ," ಎಂದು ಅವರು ತೀರ್ಮಾನಿಸಿದರು. ಅಲ್ಲ ಎಂದು ಹೇಳಲು ಬಾಯಿ ತೆರೆದೆ, ಯೋಚಿಸಿದೆ, ಮುಚ್ಚಿದೆ.

ಕಾನೂನಿಗೆ ವಿರುದ್ಧ, ಆರ್‌ಟಿಓದವರು ಹಿಡಿಯುತ್ತಾರೆ ಎಂದು ಹೆದರಿಸಿದೆ. "ಹಿಡೀಬೇಕಂದ್ರ ಅವರೂ ಲಾರಿ ದಾಟಬೇಕಲ್ಲ," ಎಂದರು. ಎಂಜಿನ್ ಕೆಡುತ್ತದೆ ಎಂದೆ. "ಕೆಡ್ಲಿ. ಅವ್ವನ್ನ ಮುಟ್ಟಿಸಿ ಕೆಡ್ಲಿ." ನಾನೂ ಅತ್ತೆಯ ಉಸಿರಾಟ ಕೇಳಿಸಿಕೊಂಡೇ ಮಲಗುವವಳು.

ಶ್ರೀರಾಮನಗರದ ತೆಲುಗು ರೈತರೊಬ್ಬರ ಪರಿಚಯದಿಂದ ಹೈದರಾಬಾದಿನಿಂದ ನೀಲಿ ಬಣ್ಣದ ಸಣ್ಣ ಸಿಲಿಂಡರ್ ಬಂತು, ಮೆಣಸಿನಕಾಯಿ ಚೀಲದ ಜೊತೆ. ಮಿಸ್ತ್ರಿ ಅದನ್ನು ಡಿಕ್ಕಿಯಲ್ಲಿ ಪಟ್ಟಿ ಹಾಕಿ ಕೂರಿಸಿ, ಎಂಜಿನ್ ತನಕ ಪೈಪು ಎಳೆದ. ಗ್ಯಾಸ್ ಬಿಡುವ ಬಟನ್ ಬೇಕಲ್ಲ? ಹೊಲದ ಪಂಪ್‌ಸೆಟ್ಟಿನ ಹಳೇ ಸ್ಟಾರ್ಟರಿನಿಂದ ಹಸಿರು, ಕೆಂಪು ಬಟನ್ ಕಿತ್ತು ಗೇರಿನ ಪಕ್ಕ ಹಚ್ಚಿದರು. ಹಸಿರು ಒತ್ತಿದರೆ ಗ್ಯಾಸು, ಕೆಂಪು ಒತ್ತಿದರೆ ಬಂದ್. ನಮ್ಮ ಕಾರು ನೀರೆತ್ತಲು ತಯಾರಾದಂತೆ ಕಾಣುತ್ತಿತ್ತು.

"ಒಮ್ಮೆ ಒತ್ತಿದ್ರ ಉಸಿರು ಬಿಗಿ ಹಿಡ್ಕೊಂಡಷ್ಟ ಹೊತ್ತು, ಹೆಚ್ಚಿಗಿ ಬ್ಯಾಡ್ರಿ," ಎಂದು ಮಿಸ್ತ್ರಿ ಎಚ್ಚರಿಸಿದ. "ಪಿಸ್ಟನ್ ಬೆಲ್ಲ ಕರಗಿದಂಗ ಕರಗತೈತಿ." ಆತ ಬೇಫಿಕರ್ ಎನ್ನದೆ ಮಾತು ಮುಗಿಸಿದ್ದು ಅದೊಂದೇ ಸಲ.

ಅಮಾವಾಸ್ಯೆಗೆ ಅತ್ತೆ ಕಾರಿಗೆ ನಿಂಬೆಹಣ್ಣು ಕಟ್ಟಿ, ಡಿಕ್ಕಿ ತೆಗೆಸಿ ಸಿಲಿಂಡರಿಗೂ ಕುಂಕುಮ ಹಚ್ಚಿದರು. "ಇದರ ಮ್ಯಾಲ ಅನ್ನ ಮಾಡಾಕ ಬರತೈತೇನು?" ಎಂದು ಕೇಳಿದರು. ಇಲ್ಲ ಅತ್ತಿ, ಇದು ನಗೋ ಗ್ಯಾಸು, ಹಲ್ಲು ಕೀಳುವಾಗ ನೋವು ಗೊತ್ತಾಗದಿರಲೆಂದು ಡಾಕ್ಟರು ಕೊಡುತ್ತಾರೆ, ಮೂಸಿದವರಿಗೆ ನಗು ಬರುತ್ತದೆ ಎಂದೆ.

"ಹಂಗಾರ ನಿನ್ನ ಗಂಡಗ ಒಂದೀಟು ಮೂಸಿಸು. ಅಂವ ನಕ್ಕು ವರ್ಷ ಆಗಾಕ ಬಂತು," ಎಂದರು ಅತ್ತೆ. ನಾವಿಬ್ಬರೂ ನಕ್ಕೆವು. ನಗುತ್ತ ನಗುತ್ತ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಪರೀಕ್ಷೆ ನಡೆದದ್ದು ಬೆಳಗಿನ ಹೊತ್ತು, ಕಾಲುವೆ ದಂಡೆಯ ಖಾಲಿ ರಸ್ತೆಯಲ್ಲಿ. ನಾನೂ ಹಟ ಮಾಡಿ ಮುಂದಿನ ಸೀಟಿನಲ್ಲಿ ಕುಳಿತೆ. ಗಂಡನೊಬ್ಬನನ್ನೇ ಮೇಲಕ್ಕೆ ಕಳಿಸಿ ನಾನು ಕೆಳಗೆ ಏನು ಮಾಡಲಿ? ಅವರು ಹಸಿರು ಬಟನ್ ಒತ್ತಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಯಾರೋ ಹಿಂದಿನಿಂದ ಜಾಡಿಸಿ ಒದ್ದಂತೆ ಕಾರು ಮುಂದೆ ಹಾರಿತು. ಬೆನ್ನು ಸೀಟಿಗೆ ಅಂಟಿತು, ಜಡೆ ಹಿಂದಕ್ಕೆ ಹೋಯಿತು, ಕಪ್ಪು ಹೊಗೆ ಮಾಯವಾಯಿತು. ಹಗ್ಗ ಹರಿದುಕೊಂಡ ಹೋರಿಯ ಮೇಲೆ ಕುಳಿತ ಹಾಗೆ. ಅವರು ಉಸಿರು ಬಿಟ್ಟು ಕೆಂಪು ಒತ್ತಿದರು. ಇಳಿದು ನೋಡಿದರೆ ಗ್ಯಾಸಿನ ಪೈಪಿನ ಮೇಲೆ ನಮ್ಮ ಬಿಸಿಲಲ್ಲೂ ಬಿಳಿ ಮಂಜು ಕಟ್ಟಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಭಾರೀ ಖುಷಿಯಾಗಿತ್ತು. ಇನ್ನೊಮ್ಮೆ ಒತ್ತಿರಿ ಎಂದು ಕೇಳಿದವಳು ನಾನೇ.

"ಇನ್ನ ಬರ್ಲಿ ಲಾರಿ," ಎಂದರು ನಮ್ಮ ಮನೆಯವರು.

ಮತ್ತೆ ಸುಗ್ಗಿ ಬಂತು. ಬೆಳಿಗ್ಗೆ ಎದ್ದು ಈ ಮನುಷ್ಯ ನಮ್ಮ ಭತ್ತವನ್ನು ಎಂದಿನಂತೆ ರಸ್ತೆಯ ಅರ್ಧಕ್ಕೆ ಹರವಿ, ಅಂಚಿಗೆ ಕಲ್ಲಿಟ್ಟು, ಮನೆಗೆ ಬಂದು ಕಾರಿನ ಸಿಲಿಂಡರ್ ಒರೆಸುತ್ತಿದ್ದರು. ನೋಡಿ ನೋಡಿ ನನಗೆ ತಡೆಯಲಿಲ್ಲ. "ಆ ಭತ್ತ ಮನಿ ಮುಂದಿನ ಬಯಲಾಗ ಹಾಕಿದ್ರ ಒಣಗೂದಿಲ್ಲೇನ್ರಿ?" ಎಂದೆ.

"ಎಲ್ಲಾರೂ ರಸ್ತೇಕ್ಕ ಹಾಕ್ಯಾರ," ಎಂದರು. ಮುಖ ತಿರುಗಿಸಿಕೊಂಡು ಒರೆಸುತ್ತಲೇ ಇದ್ದರು. ಒರೆಸಿದ ಜಾಗವನ್ನೇ ಒರೆಸುತ್ತಿದ್ದರು.

ಒಂದು ಭಾನುವಾರ ಊಟದ ಹೊತ್ತಿಗೆ ಅತ್ತೆ ಪುಂಡಿಪಲ್ಲೆಯ ಸೊಪ್ಪು ಸೋಸುತ್ತ ಕುಳಿತವರು ಕೈಯಲ್ಲಿದ್ದುದನ್ನು ಕೆಳಗಿಟ್ಟು, ಎದೆ ಒತ್ತಿಕೊಂಡರು. ಹಣೆಯ ಮೇಲೆ ಬೆವರು. "ಏನಿಲ್ಲ, ಏನಿಲ್ಲ," ಎನ್ನುತ್ತಲೇ ಒರಗಿದರು. ನಾನು ಗುಳಿಗೆಯನ್ನು ನಾಲಿಗೆ ಕೆಳಗೆ ಇಟ್ಟೆ. ನಮ್ಮ ಮನೆಯವರು ಕಾರು ಚಾಲೂ ಮಾಡಿದರು. ಹಿಂದಿನ ಸೀಟಿನಲ್ಲಿ ಈ ಸಲ ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ಅತ್ತೆಯ ಕೈ ತಣ್ಣಗಿತ್ತು.

ಊರು ದಾಟಿದ ಮೇಲೆ ಮೊದಲ ಲಾರಿ. ಮೂಟೆಯ ಮೇಲೆ ಮೂಟೆ, ಅದರ ಮೇಲೆ ಹಮಾಲರು. ಭತ್ತವಿಲ್ಲದ ಖಾಲಿ ಜಾಗ ಬಂದ ಕೂಡಲೇ ನಮ್ಮ ಮನೆಯವರು ಹಸಿರು ಒತ್ತಿದರು. ಕಾರು ಹಾರಿತು. ಲಾರಿ ಹಿಂದೆ ಬಿತ್ತು, ಹಮಾಲರು ಬಾಯಿ ಬಿಟ್ಟು ನೋಡುತ್ತಿದ್ದರು. "ಬಂತು ನೋಡಬೇ, ಬಂತು!" ಎಂದು ಈ ಮನುಷ್ಯ ಕೂಗಿದರು. ಮಾವ ಸತ್ತ ಮೇಲೆ ಅವರ ದನಿ ಅಷ್ಟು ಮೇಲೆ ಹೋದದ್ದನ್ನು ನಾನು ಕೇಳಿರಲಿಲ್ಲ. ಗೆದ್ದೆವು ಎಂದು ನನಗೂ ಅನಿಸಿತು. ಆ ನೀಲಿ ಸಿಲಿಂಡರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಆಮೇಲೆ ಎರಡನೇ ಲಾರಿ. ಅಲ್ಲಿ ಭತ್ತ ಶುರುವಾದದ್ದು ಮುಗಿಯಲೇ ಇಲ್ಲ. ಒಬ್ಬರದು ಮುಗಿಯುವ ಕಡೆ ಇನ್ನೊಬ್ಬರದು, ಕಲ್ಲಿಗೆ ಕಲ್ಲು ಕೂಡಿಸಿಕೊಂಡು ಹರವಿದ್ದರು. ಕಣ್ಣು ಹಾಯುವ ತನಕ ಅರ್ಧ ರಸ್ತೆ ಹಳದಿ, ಉಳಿದರ್ಧದಲ್ಲಿ ತೇಕುತ್ತ ಹೋಗುವ ಲಾರಿ. ಲಾರಿಯವನಾದರೂ ಎಲ್ಲಿ ಸರಿಯಬೇಕು? ನಮ್ಮ ಮನೆಯವರ ಬೆರಳು ಹಸಿರು ಬಟನ್ ಮೇಲೇ ಇತ್ತು. ಒತ್ತಿ ಎಲ್ಲಿಗೆ ಹೋಗುವುದು? ಕಾರಿನೊಳಗೆ ಅಷ್ಟು ಶಕ್ತಿ, ಅದನ್ನು ಬಳಸಲು ಕಾರಿನಷ್ಟು ಅಗಲದ ಜಾಗ ಇಲ್ಲ. ಹಾರ್ನ್ ಹೊಡೆದರು. ಮತ್ತೆ ಹೊಡೆದರು. ಅತ್ತೆ ಒಮ್ಮೆ ನರಳಿದರು, ಆಮೇಲೆ ನರಳುವುದನ್ನೂ ಬಿಟ್ಟರು.

"ರೀ, ಅತ್ತಿ ಮಾತಾಡವಲ್ರು," ಎಂದೆ.

ಅವರು ಕನ್ನಡಿಯಲ್ಲಿ ಹಿಂದೆ ನೋಡಿದರು. ಬಟನ್ ಮೇಲಿನ ಬೆರಳು ತೆಗೆದರು. ಕಾರನ್ನು ಬಲಕ್ಕೆ ತಿರುಗಿಸಿದರು.

ಕಲ್ಲುಗಳು ಟೈರಿಗೆ ಸಿಕ್ಕಿ ಸಿಡಿದವು, ಒಂದು ಬಡಿದು ಬಂಪರ್ ಮುರಿಯಿತು. ಆಮೇಲೆ ಚರಚರ ಎನ್ನುವ ಸದ್ದು. ಭತ್ತದ ಮೇಲೆ ಗಾಡಿ ಹಾಯುವ ಸದ್ದನ್ನು ಆ ಊರುಗಳಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಮರದ ನೆರಳಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದ ಭತ್ತದವರು ಎದ್ದು ಓಡಿ ಬಂದರು. "ಏಯ್, ಹೊಟ್ಟಿಗೆ ಅನ್ನ ತಿಂತೀಯೋ ಏನ್ ತಿಂತೀಯೋ!" ಎಂದು ಒಬ್ಬ ಮಣ್ಣಿನ ಹೆಂಟೆ ಎಸೆದ. ಮಾತು ನಿಂತಿದ್ದ ಅತ್ತೆ ಆ ಸದ್ದಿಗೆ ಕಣ್ಣು ತೆರೆದರು. "ತಮ್ಮಾ, ಕಾಳು... ಕಾಳೋ," ಎಂದರು. ನಮ್ಮ ಮನೆಯವರು ನಿಲ್ಲಿಸಲಿಲ್ಲ. ಗ್ಯಾಸಿಲ್ಲ, ಯೂರಿಯಾ ಇಲ್ಲ, ಮೊದಲಿನ ಹಳೇ ಎಂಜಿನ್ನು, ಸೆಕೆಂಡ್ ಗೇರು. ಕಾಳಿನ ಮೇಲೆ ಜಾರುತ್ತ, ಓಲಾಡುತ್ತ ಕಾರು ಲಾರಿಯನ್ನು ದಾಟಿತು. ಮುಂದೆ ಮತ್ತೊಂದು ಸಿಕ್ಕಿತು, ಅದನ್ನೂ ಹಾಗೇ ದಾಟಿದರು. ಗಂಗಾವತಿ ಮುಟ್ಟುವ ತನಕ ಆ ಬಟನ್ ಕಡೆ ತಿರುಗಿಯೂ ನೋಡಲಿಲ್ಲ.

ಡಾಕ್ಟರು ಬೇರೆಯವರಿದ್ದರು. ಇಂಜೆಕ್ಷನ್ ಕೊಟ್ಟರು, ಒಳಗೆ ಕರೆದೊಯ್ದರು, ನಮ್ಮನ್ನು ಹೊರಗೆ ಕೂರಿಸಿದರು. ಸಂಜೆ ಹೊರಗೆ ಬಂದು, ಸರಿಯಾದ ಹೊತ್ತಿಗೆ ತಂದಿರಿ, ಇನ್ನು ಭಯವಿಲ್ಲ ಎಂದರು. ನಾನು ಅಲ್ಲೇ ಗೋಡೆಗೆ ಒರಗಿ ಜೋರಾಗಿ ಅತ್ತುಬಿಟ್ಟೆ. ನಮ್ಮ ಮನೆಯವರು ಅಳಲಿಲ್ಲ. ಚಪ್ಪಲಿಯ ಸಂದಿಯಲ್ಲಿ ಸಿಕ್ಕಿದ್ದ ಒಂದು ಭತ್ತದ ಕಾಳನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು.

ನಮ್ಮನ್ನು ಒಳಗೆ ಬಿಟ್ಟಾಗ ಅತ್ತೆಗೆ ಎಚ್ಚರವಿತ್ತು. ಬಾಯಿ ಒಣಗಿತ್ತು, ಆದರೆ ಬೈಯುವಷ್ಟು ಜೀವ ಬಂದಿತ್ತು. ಮಗನನ್ನು ನೋಡಿದ ಕೂಡಲೇ, "ಕಾಳಿನ ಮ್ಯಾಲ ಹತ್ತಿಸಿದೆಲ್ಲೋ," ಎಂದರು.

"ಹೂಂ ಬೇ."

"ಅವತ್ತ ನೀ ಹಿಂಗ ಗಾಡಿ ಹೊಳ್ಳಿಸಾಕ ಹೋದಾಗ ನಿಮ್ಮಪ್ಪಾರು ಕೈ ಅಡ್ಡ ಮಾಡಿದ್ರು. ಕಾಳು ತುಳಸಬ್ಯಾಡೋ ಅಂದ್ರು. ನೀ ಅವರ ಮಾತು ಕೇಳಿದಿ."

ನಾನು ಕೈಯಲ್ಲಿದ್ದ ನೀರಿನ ಲೋಟ ಹಿಡಿದುಕೊಂಡೇ ನಿಂತೆ. ಈ ಮಾತನ್ನು ನಾನು ಕೇಳಿದ್ದು ಅವತ್ತೇ ಮೊದಲು. ಇಷ್ಟು ದಿನ ತಾಯಿ, ಮಗ ಇಬ್ಬರೂ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು, ನನ್ನೆದುರು ಎಂಜಿನ್ನು, ಹೊಗೆ, ಗ್ಯಾಸು ಎಂದು ಮಾತಾಡಿದ್ದರು.

ನಮ್ಮ ಮನೆಯವರು ಅತ್ತೆಯ ಕಾಲ ಬಳಿ ಕುಳಿತು, ಹೊದಿಕೆಯ ಅಂಚು ಸರಿ ಮಾಡುತ್ತ, "ಕೇಳಬಾರದಿತ್ತು ಬೇ," ಎಂದರು.

"ತುಳಸಿದ್ರ ಜೀವ ಇರೋತನ ನಿನ್ನ ಬೈತಿದ್ರು ಅವರು."

"ಬೈಸ್ಕೊಂತ ಇರ್ತಿದ್ನೆಲ್ಲಬೇ," ಎಂದರು ನಮ್ಮ ಮನೆಯವರು.